ಬಚ್ಚಲಲ್ಲಿ ಆಸರೆ: ಓಡಾಟ ಕುಂದಿದವರ ಜಳಕಕ್ಕೆ ಸಾಧನಗಳ ಆಯ್ಕೆ

ಏಳಲು, ನಿಲ್ಲಲು, ಬಗ್ಗಿ ನೀರು ಮೊಗೆಯಲು ಕಷ್ಟಪಡುವವರು ಬೀಳದೆ, ಮೈ ಸುಟ್ಟುಕೊಳ್ಳದೆ, ಆದಷ್ಟೂ ತಾವೇ ಜಳಕ ಮಾಡಿಕೊಳ್ಳಲು ನೆರವಾಗುವ ವಸ್ತುಗಳೇ ಜಳಕದ ಸಾಧನಗಳು. ಎತ್ತರದ ಸ್ಟೂಲು, ಬೆನ್ನು ಮತ್ತು ಕೈಗಳಿರುವ ಕುರ್ಚಿ, ಗೋಡೆಯ ಹಿಡಿಕೆ, ಜಾರದ ಚಾಪೆ, ಕೈ ಶವರ್, ಉದ್ದ ಹಿಡಿಯ ಬ್ರಷ್, ಗಾಲಿಯ ಕಮೋಡ್ ಕುರ್ಚಿ ಇವುಗಳಲ್ಲಿ ಮುಖ್ಯವಾದವು. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೊರತಂದ 50 ಆದ್ಯತೆಯ ಸಹಾಯಕ ಸಾಧನಗಳ ಪಟ್ಟಿಯಲ್ಲಿ ಜಳಕ ಹಾಗೂ ಶೌಚದ ಕುರ್ಚಿಗೂ ಹಿಡಿಕೆಗೂ ಜಾಗವಿದೆ. ಕನ್ನಡಕ, ಶ್ರವಣಯಂತ್ರ, ಗಾಲಿಕುರ್ಚಿಗಳಷ್ಟೇ ಇವೂ ಅಗತ್ಯದ ಸಾಮಾನು ಎಂದು ಇದರ ಅರ್ಥ. ಆದರೂ ಮನೆಯಲ್ಲಿ ಹಿರಿಯರೊಬ್ಬರು ಹಾಸಿಗೆ ಹಿಡಿದಾಗ ಮೊದಲು ಮಂಚ ಬರುತ್ತದೆ, ಆಮೇಲೆ ವಾಕರ್ ಬರುತ್ತದೆ. ಬಚ್ಚಲಿನ ನೆನಪಾಗುವುದು ಒಂದು ಸಲ ಬಿದ್ದ ಮೇಲೆ.

ಅಂಗಡಿಯಲ್ಲೂ ಮೊಬೈಲಿನಲ್ಲೂ ಕಾಣುವ ಸಾಧನಗಳಲ್ಲಿ ಬಹಳಷ್ಟು ಬೇರೆ ಬಗೆಯ ಸ್ನಾನಕ್ಕೆಂದು ರೂಪುಗೊಂಡವು. ತೊಟ್ಟಿಯೊಳಗೆ ಮಲಗಿ ಮೀಯುವ ದೇಶಗಳಲ್ಲಿ ತೊಟ್ಟಿಯ ಅಂಚು ದಾಟುವುದೇ ದೊಡ್ಡ ತೊಂದರೆ. ಅದಕ್ಕಾಗಿ ಅಡ್ಡ ಹಲಗೆ, ತೊಟ್ಟಿಯ ಒಳಗೊಂದು ಹೊರಗೊಂದು ಜೊತೆ ಕಾಲಿರುವ ಬೆಂಚು, ನೀರಿನಲ್ಲಿ ಇಳಿಸಿ ಏರಿಸುವ ಯಂತ್ರ ಹುಟ್ಟಿಕೊಂಡವು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಜಳಕವೆಂದರೆ ಮಣೆಯ ಮೇಲೋ ಕಲ್ಲಿನ ಮೇಲೋ ಕೂತು ತಂಬಿಗೆಯಿಂದ ಸುರಿದುಕೊಳ್ಳುವುದು. ಇಲ್ಲಿ ದಾಟಬೇಕಾದದ್ದು ನಾಲ್ಕು ಬೆರಳಿನ ಬಚ್ಚಲ ಕಟ್ಟೆ. ಕಷ್ಟವಿರುವುದು ನೆಲಮಟ್ಟಕ್ಕೆ ಕೂತು ಮತ್ತೆ ಏಳುವುದರಲ್ಲಿ. ಆದ್ದರಿಂದ ಆಯ್ಕೆ ಅಂಗಡಿಯಿಂದ ಶುರುವಾಗಬಾರದು. ಮೊದಲು ಬಚ್ಚಲು ನೋಡಬೇಕು, ಆಮೇಲೆ ಮೈ, ಕೊನೆಗೆ ಸಾಮಾನು.

ಕೊಪ್ಪಳ ಜಿಲ್ಲೆಯ ಬಚ್ಚಲುಗಳು ಒಂದೇ ತರ ಇಲ್ಲ. ಯಲಬುರ್ಗಾ, ಕುಷ್ಟಗಿ ಕಡೆಯ ಹಳೆಯ ಮನೆಗಳಲ್ಲಿ ಮಣ್ಣು ಕಲ್ಲಿನ ಗೋಡೆ, ಅಡುಗೆಮನೆಯ ಮೂಲೆಯಲ್ಲೋ ಹಿತ್ತಲಲ್ಲೋ ಒಂದು ಹಾಸುಗಲ್ಲು, ಪಕ್ಕದಲ್ಲೇ ನೀರೊಲೆ, ಅದರ ಮೇಲೆ ಹಂಡೆ ಇರುತ್ತವೆ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಕಂಡ ಗಂಗಾವತಿ, ಕಾರಟಗಿ ಭಾಗದಲ್ಲಿ ಸಿಮೆಂಟಿನ ಮನೆ, ಟೈಲ್ಸ್ ನೆಲ, ಗೀಸರ್ ಹೆಚ್ಚು. ಎರಡರ ನಡುವೆ, ಶೌಚಾಲಯದ ಜೊತೆ ಕಟ್ಟಿಸಿದ ನಾಲ್ಕಡಿ ಚೌಕದ ಕೋಣೆಗಳಿವೆ, ತಗಡಿನ ಮರೆಗಳಿವೆ, ಬಯಲಲ್ಲಿ ಹಾಸಿದ ಒಂಟಿ ಕಲ್ಲುಗಳೂ ಇವೆ. ಟೈಲ್ಸಿನ ಕೋಣೆಗೆ ಒಪ್ಪುವ ಹಿಡಿಕೆ ಮಣ್ಣಿನ ಗೋಡೆಯಲ್ಲಿ ನಿಲ್ಲುವುದಿಲ್ಲ; ಹಾಸುಗಲ್ಲಿನ ಮೇಲೆ ಅಲ್ಲಾಡದ ಸ್ಟೂಲು ನುಣುಪು ಟೈಲ್ಸಿನ ಮೇಲೆ ಜಾರುತ್ತದೆ. ಬಾಗಿಲ ಅಗಲ, ಕಟ್ಟೆಯ ಎತ್ತರ, ಗೋಡೆಯ ಬಗೆ, ನೀರು ಹರಿಯುವ ದಿಕ್ಕು, ಬೆಳಕು ಈ ಐದನ್ನು ಚೀಟಿಯ ಮೇಲೆ ಬರೆದುಕೊಂಡು ಹೋದವರು ಅಂಗಡಿಯಲ್ಲಿ ಮೋಸಹೋಗುವುದು ಕಡಿಮೆ.

ಮೈಯ ವಿಷಯದಲ್ಲಿ ರೋಗದ ಹೆಸರಿಗಿಂತ ಶಕ್ತಿಯ ಲೆಕ್ಕ ಮುಖ್ಯ. ಆಸರೆಯಿಲ್ಲದೆ ಹತ್ತು ನಿಮಿಷ ಕೂಡಬಲ್ಲರೇ? ಕೂತಲ್ಲಿಂದ ಯಾರ ಕೈಯೂ ಹಿಡಿಯದೆ ಏಳಬಲ್ಲರೇ? ಯಾವ ಕೈ, ಯಾವ ಕಾಲು ಗಟ್ಟಿ? ಬಿಸಿ, ತಣ್ಣಗೆ ಮೈಗೆ ಗೊತ್ತಾಗುತ್ತದೆಯೇ? ಮೊಣಕಾಲು ಸವೆದ ಅಜ್ಜಿಗೂ ಲಕ್ವ ಹೊಡೆದ ಅಜ್ಜನಿಗೂ ಒಂದೇ ಕುರ್ಚಿ ತಂದರೆ ಒಬ್ಬರಿಗೆ ಅದು ಹೆಚ್ಚು, ಇನ್ನೊಬ್ಬರಿಗೆ ಸಾಲದು. ಅಜ್ಜಿಗೆ ತಕ್ಕ ಎತ್ತರದ ಸ್ಟೂಲು, ಏಳುವಾಗ ಕೈಯೂರಲು ಒಂದು ಹಿಡಿಕೆ ಇದ್ದರೆ ಸಾಕು. ಲಕ್ವದಲ್ಲಿ ಮೈ ಒಂದು ಪಕ್ಕಕ್ಕೆ ವಾಲುತ್ತದೆ. ಅಲ್ಲಿ ಬೆನ್ನೂ ಬೇಕು, ಎರಡೂ ಕಡೆ ಕೈಗಳೂ ಬೇಕು.

ಈ ಸೀಮೆಗೆ ಇನ್ನೊಂದು ಲೆಕ್ಕ ಸೇರುತ್ತದೆ. ಕುಷ್ಟಗಿ, ಯಲಬುರ್ಗಾದ ಒಣ ಭೂಮಿಯಲ್ಲಿ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದು ಹಳೆಯ ಸಂಗತಿ. ಗ್ರಾನೈಟ್ ಬಂಡೆಯ ಖನಿಜಗಳಿಂದ ಅದು ನೀರಿಗೆ ಇಳಿಯುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆ ಗೊತ್ತುಮಾಡಿದ ಮಿತಿ ಲೀಟರಿಗೆ 1 ಮಿಲಿಗ್ರಾಂ. ಬೇರೆ ನೀರಿಲ್ಲದ ಕಡೆ 1.5ರವರೆಗೆ ಸಹಿಸಬಹುದು. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಹಲ್ಲು ಕಂದುಗಟ್ಟುತ್ತವೆ, ಮುಂದೆ ಎಲುಬಿನ ಸುತ್ತಲಿನ ತಂತುಗಳಲ್ಲಿ ಸುಣ್ಣ ಕೂಡಿ ಬೆನ್ನು, ಕತ್ತು, ಮೊಣಕಾಲು ಬಿಗಿಯುತ್ತವೆ. ಬೆನ್ನು ಹೀಗೆ ಸೆಟೆದವರಿಗೆ ಕೆಳಗೆ ಕೂಡುವುದಷ್ಟೇ ಕಷ್ಟವಲ್ಲ, ಬಗ್ಗಿ ಬಕೆಟ್ಟಿಗೆ ಕೈಹಾಕುವುದೂ, ತಲೆಯ ಮೇಲೆ ತಂಬಿಗೆ ಎತ್ತುವುದೂ ಕಷ್ಟ. ಎತ್ತರದ ಆಸನದ ಜೊತೆಗೆ ಎತ್ತರಿಸಿದ ಬಕೆಟ್ಟು, ಉದ್ದ ಹಿಡಿಯ ಸ್ಪಂಜು ಅವರಿಗೆ ಬೇಕೇಬೇಕು. ಫ್ಲೋರೈಡ್ ನೀರಿನಲ್ಲಿ ಜಳಕ ಮಾಡಿದರೆ ರೋಗ ಹೆಚ್ಚೀತೆಂಬ ಅಂಜಿಕೆ ಬೇಡ. ಕೆಡುಕು ಕುಡಿಯುವುದರಿಂದ ಮತ್ತು ಅಡುಗೆಗೆ ಬಳಸುವುದರಿಂದ. ಚರ್ಮದ ಮೂಲಕ ಒಳಹೋಗುವುದು ಲೆಕ್ಕಕ್ಕಿಲ್ಲ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬಹುದು.

ಎಲ್ಲಕ್ಕೂ ಮೊದಲಿನ ಸಾಧನ ನೆಲ. ನೆಲ ಜಾರಿದರೆ ಎಂಥ ಕುರ್ಚಿಯೂ ನಿಲ್ಲದು. ಇಳಕಲ್ ಕೆಂಪು ಗ್ರಾನೈಟಿನ ಗಣಿಗಳು ಕುಷ್ಟಗಿ ತಾಲ್ಲೂಕಿನವರೆಗೂ ಹಬ್ಬಿರುವುದರಿಂದ ಪಾಲಿಶ್ ಕಲ್ಲಿನ ತುಂಡುಗಳು ಅಗ್ಗಕ್ಕೆ ಸಿಕ್ಕಿ ಬಚ್ಚಲಿಗೂ ಬಂದು ಕೂತಿವೆ. ನೋಡಲು ಚಂದ, ಆದರೆ ಸಾಬೂನಿನ ನೀರು ಬಿದ್ದಾಗ ಅದರಷ್ಟು ಅಪಾಯದ ನೆಲ ಇನ್ನೊಂದಿಲ್ಲ. ಅದೇ ಕಲ್ಲನ್ನು ಪಾಲಿಶ್ ಇಲ್ಲದೆ, ಉಳಿಯ ಗುರುತು ಉಳಿಸಿ ಹಾಸಿದರೆ ಅದಕ್ಕಿಂತ ಒಳ್ಳೆಯ ನೆಲವೂ ಸಿಗದು. ಹಳೆಯ ಹಾಸುಗಲ್ಲನ್ನು ಕಿತ್ತು ಟೈಲ್ಸ್ ಹಾಕಿಸುವ ಮುನ್ನ ಮನೆಯವರು ಒಮ್ಮೆ ಯೋಚಿಸುವುದು ಒಳ್ಳೆಯದು. ಹಾಕಿದ್ದೇ ಆದರೆ ಒರಟು ಮೈಯ ಟೈಲ್ಸ್ ಇರಲಿ. ಈಗಾಗಲೇ ನುಣುಪು ನೆಲವಿದ್ದಲ್ಲಿ ರಬ್ಬರ್ ಚಾಪೆ ಬೇಕು. ಅದು ನೆಲಕ್ಕೆ ಕಚ್ಚಿಕೊಳ್ಳುವಂತಿರಬೇಕು, ತೂತುಗಳಿಂದ ನೀರು ಇಳಿಯಬೇಕು, ಕುರ್ಚಿಯ ನಾಲ್ಕೂ ಕಾಲು ಅದರ ಮೇಲೆ ಬರುವಷ್ಟು ಅಗಲವಿರಬೇಕು. ಎರಡು ಕಾಲು ಚಾಪೆಯ ಮೇಲೆ, ಎರಡು ಹೊರಗೆ ಇದ್ದರೆ ಕುರ್ಚಿ ಕುಣಿಯುತ್ತದೆ. ಕಾಲೊರಸಲು ಹಾಸುವ ಗೋಣಿಚೀಲ, ಹಳೆಯ ಸೀರೆ ಜಾರುವ ಚಾಪೆಗಳೇ, ಅವನ್ನು ತೆಗೆಯಬೇಕು.

ದೀಪಾವಳಿಯಂಥ ಹಬ್ಬಗಳ ಎಣ್ಣೆ ಜಳಕಕ್ಕೆ ಬೇರೆಯೇ ಎಚ್ಚರ ಬೇಕು. ಎಣ್ಣೆಯನ್ನು ಒಣ ಕೋಣೆಯಲ್ಲಿ, ಮಂಚದ ಮೇಲೆ ಕೂರಿಸಿಯೇ ಹಚ್ಚಬೇಕು. ಅಂಗಾಲಿಗೆ ಮಾತ್ರ ಬೇಡ. ಬಚ್ಚಲಿಗೆ ಕರೆದೊಯ್ಯುವ ಮುನ್ನ ಕಡಲೆಹಿಟ್ಟಿನಿಂದ ಪಾದ ತಿಕ್ಕಿ ಒಣ ಬಟ್ಟೆಯಿಂದ ಒರೆಸಿದರೆ ಅರ್ಧ ಅಪಾಯ ಅಲ್ಲೇ ಕಳೆಯುತ್ತದೆ.

ಆಸನದ ಆಯ್ಕೆಯೇ ಈ ವಿಷಯದ ತಿರುಳು. ಮಣೆಯ ಎತ್ತರ ಒಂದು ಗೇಣಿಗೂ ಕಡಿಮೆ. ಅಲ್ಲಿಂದ ಏಳಲು ಮೊಣಕಾಲು ಪೂರ್ತಿ ಮಡಿಸಬೇಕು, ತೊಡೆಯ ಶಕ್ತಿಯೆಲ್ಲ ಹಾಕಬೇಕು. ಆಸನ ಎತ್ತರವಾದಷ್ಟೂ ಏಳುವುದು ಹಗುರ, ಆದರೆ ಪಾದ ನೆಲ ಬಿಡುವಷ್ಟು ಎತ್ತರವಾದರೆ ಮುಂದಕ್ಕೆ ಜಾರುವ ಭಯ. ಅಳತೆ ಸುಲಭ. ವ್ಯಕ್ತಿಯನ್ನು ಗಟ್ಟಿ ಕುರ್ಚಿಯ ಮೇಲೆ ಬರಿಗಾಲಲ್ಲಿ ಕೂರಿಸಿ, ಮೊಣಕಾಲ ಹಿಂದಿನ ಮಡಿಕೆಯಿಂದ ನೆಲದವರೆಗೆ ಟೇಪು ಹಿಡಿಯಬೇಕು. ದೊಡ್ಡವರಿಗೆ ಇದು ಸಾಮಾನ್ಯವಾಗಿ 38ರಿಂದ 45 ಸೆಂಟಿಮೀಟರು ಬರುತ್ತದೆ. ಆಸನದ ಎತ್ತರ ಅಷ್ಟಿರಬೇಕು. ಮೊಣಕಾಲು ನೋವಿದ್ದರೆ ಎರಡು ಮೂರು ಸೆಂಟಿಮೀಟರು ಹೆಚ್ಚಿರಲಿ. ತೊಡೆಸಂದಿನ ಎಲುಬು ಮುರಿದು ಕೀಲು ಬದಲಿಸಿಕೊಂಡವರಲ್ಲಿ ಸೊಂಟ ಮೊಣಕಾಲಿಗಿಂತ ಕೆಳಗಿಳಿಯಬಾರದೆಂದು ವೈದ್ಯರು ಹೇಳಿರುತ್ತಾರೆ. ಅವರಿಗೆ ಎತ್ತರ ಇನ್ನೂ ಹೆಚ್ಚು ಬೇಕು, ಮಣೆಯ ಮಾತೇ ಬೇಡ. ಕಾಲು ಉದ್ದ ಗಿಡ್ಡ ಮಾಡಬಲ್ಲ ಅಲ್ಯೂಮಿನಿಯಂ ಸ್ಟೂಲುಗಳಿಗೆ ಕೊಡುವ ಹಣ ಇಂಥಲ್ಲಿ ವ್ಯರ್ಥವಲ್ಲ. ನಾಲ್ಕೂ ಕಾಲಿನ ಗುಂಡಿ ಒಂದೇ ಮಟ್ಟದ ತೂತಿನಲ್ಲಿ ಟಕ್ಕೆಂದು ಹೊರಬಂದಿದೆಯೇ ಎಂದು ಬೆರಳಾಡಿಸಿ ನೋಡುವುದನ್ನು ಮಾತ್ರ ಮರೆಯಬಾರದು.

ಸ್ಟೂಲೋ ಕುರ್ಚಿಯೋ ಎಂಬುದನ್ನು ಕೂಡುವ ಶಕ್ತಿ ತೀರ್ಮಾನಿಸುತ್ತದೆ. ನೇರ ಕೂಡಬಲ್ಲವರಿಗೆ ಸ್ಟೂಲೇ ಮೇಲು. ಸುತ್ತಲೂ ತೆರವಿರುವುದರಿಂದ ಬೆನ್ನು ತಿಕ್ಕಲು, ತೊಳೆಯಲು ಅಡ್ಡಿಯಿಲ್ಲ. ಬೇಗ ದಣಿಯುವವರಿಗೆ, ಕೈಕಾಲು ನಡುಗುವ ಪಾರ್ಕಿನ್ಸನ್ ರೋಗಿಗಳಿಗೆ, ಲಕ್ವದವರಿಗೆ ಬೆನ್ನು, ಕೈ ಇರುವ ಕುರ್ಚಿ ಬೇಕು. ಆಸನದ ಮಧ್ಯೆ ತೂತು ಅಥವಾ ಮುಂದೆ ಕಮಾನಿನಂತೆ ಕತ್ತರಿಸಿದ ಜಾಗ ಇದ್ದರೆ ಕೂತಲ್ಲೇ ಗುಪ್ತಾಂಗ ತೊಳೆಯಬಹುದು. ಏಳಿಸಿ ನಿಲ್ಲಿಸಿ ತೊಳೆಯುವ ಹೊತ್ತಿನಲ್ಲೇ ಬೀಳುವುದು ಹೆಚ್ಚಾದ್ದರಿಂದ ಇದು ಸಣ್ಣ ಲಾಭವಲ್ಲ. ಎಷ್ಟು ಭಾರ ತಡೆಯುತ್ತದೆಂದು ಚೀಟಿಯಲ್ಲಿ ಬರೆದಿರುತ್ತದೆ. ಕೂಡುವವರ ತೂಕಕ್ಕಿಂತ ಅದು ಸಾಕಷ್ಟು ಹೆಚ್ಚಿರಬೇಕು, ಏಕೆಂದರೆ ಯಾರೂ ಮೆಲ್ಲಗೆ ಕೂಡುವುದಿಲ್ಲ, ಕಡೆಯ ಒಂದು ಗೇಣು ಧೊಪ್ಪನೆ ಕೂಡುತ್ತಾರೆ.

ಮನೆಮನೆಯಲ್ಲೂ ಇರುವ ಪ್ಲಾಸ್ಟಿಕ್ ಕುರ್ಚಿಯನ್ನೇ ಬಚ್ಚಲಿಗೆ ಇಳಿಸುವುದು ವಾಡಿಕೆ. ಮದುವೆ ಚಪ್ಪರದಲ್ಲಿ ಅದು ಚೆನ್ನ. ಒದ್ದೆ ನೆಲದ ಮೇಲೆ ಅದರ ನಡವಳಿಕೆ ಬೇರೆ. ಅದರ ಕಾಲುಗಳು ಹೊರಮುಖವಾಗಿ ಚಾಚಿರುತ್ತವೆ, ತಳದಲ್ಲಿ ರಬ್ಬರ್ ಇರುವುದಿಲ್ಲ. ಏಳುವವರು ಎರಡೂ ಕೈಗಳ ಮೇಲೆ ಭಾರ ಹಾಕಿ ಮುಂದೆ ಬಾಗಿದಾಗ ಹಿಂಗಾಲು ನೆಲದಿಂದ ಎದ್ದು ಮುಂಗಾಲು ಅಗಲವಾಗಿ ಜಾರುತ್ತವೆ. ಬಿಸಿಲಲ್ಲಿ ವರ್ಷಗಟ್ಟಲೆ ಬಿದ್ದ ಕುರ್ಚಿಯಾದರೆ ಕಾಲು ಸೀಳಿ ಮುರಿಯುವುದೂ ಉಂಟು. ಆಸನದಲ್ಲಿ ತೂತು ಕೊರೆದರೆ ಇನ್ನಷ್ಟು ದುರ್ಬಲ. ಬೇರೆ ದಾರಿಯೇ ಇಲ್ಲದ ಮನೆಯಲ್ಲಿ ಒಳ್ಳೆಯ ದಪ್ಪದ ಹೊಸ ಕುರ್ಚಿಯನ್ನು ಗೋಡೆಗೆ ಒತ್ತಿ, ರಬ್ಬರ್ ಚಾಪೆಯ ಮೇಲಿಟ್ಟು, ಏಳುವಾಗ ಒಬ್ಬರು ಹಿಡಿದುಕೊಂಡರೆ ಕೆಲವು ದಿನ ಸಾಗಬಹುದು. ಅದಕ್ಕಿಂತ ಊರಿನ ಗೌಂಡಿಯಿಂದ ಗೋಡೆಗೆ ಹೊಂದಿಸಿ, ಅಳತೆಗೆ ಸರಿಯಾಗಿ ಒಂದು ಕಲ್ಲಿನ ಕಟ್ಟೆ ಕಟ್ಟಿಸುವುದು ಎಷ್ಟೋ ಲೇಸು. ಅದು ಜಾರುವುದಿಲ್ಲ, ತುಕ್ಕು ಹಿಡಿಯುವುದಿಲ್ಲ, ಮನೆಯ ಉಳಿದವರಿಗೂ ಬರುತ್ತದೆ. ಅಂಚು ದುಂಡಾಗಿರಬೇಕು, ಮೇಲ್ಮೈ ಒಂದಿಷ್ಟು ಇಳಿಜಾರಾಗಿ ನೀರು ಹರಿಯಬೇಕು, ಏಳುವಾಗ ಪಾದ ಹಿಂದೆ ಸರಿಸಲು ಕೆಳಗೆ ನಾಲ್ಕೈದು ಬೆರಳು ಒಳಸರಿದ ಜಾಗ ಬಿಡಬೇಕು. ಈ ಕೊನೆಯದನ್ನು ಗೌಂಡಿಗಳು ಸಾಮಾನ್ಯವಾಗಿ ಬಿಡುವುದಿಲ್ಲ, ಹೇಳಿ ಮಾಡಿಸಬೇಕು.

ಹಿಡಿಕೆಯ ವಿಷಯದಲ್ಲಿ ಒಂದು ನಿಯಮ ಸಾಕು: ಇಡೀ ಮೈಭಾರ ತಡೆಯದ್ದು ಹಿಡಿಕೆಯಲ್ಲ. ಅಮೆರಿಕದ ಮಾನದಂಡ ಹಿಡಿಕೆಗೆ 113 ಕೆ.ಜಿ. ಭಾರ ತಡೆಯುವ ಶಕ್ತಿ ಕೇಳುತ್ತದೆ. ಟವೆಲ್ ಹಾಕುವ ರಾಡು, ನಳ, ಬಾಗಿಲ ಚಿಲಕ ಇವು ಯಾವುವೂ ಅದಕ್ಕೆ ಹತ್ತಿರ ಬರುವುದಿಲ್ಲ. ಗಾಳಿ ಎಳೆದು ಗೋಡೆಗೆ ಕಚ್ಚುವ ರಬ್ಬರ್ ಬಟ್ಟಲಿನ ಹಿಡಿಕೆಗಳು ಈಗ ಅಗ್ಗವಾಗಿ ಸಿಗುತ್ತವೆ. ಸುಣ್ಣದ ಗೋಡೆ, ಒರಟು ಸಿಮೆಂಟಿಗೆ ಅವು ಅಂಟುವುದೇ ಇಲ್ಲ. ಟೈಲ್ಸಿಗೆ ಅಂಟಿದರೂ ಹೇಳದೆ ಕೇಳದೆ ಕಳಚುತ್ತವೆ. ಓಡಾಟ ಕುಂದಿದವರ ಬಚ್ಚಲಿಗೆ ಅವು ಬರಲೇಬಾರದು.

ಒಳ್ಳೆಯ ಹಿಡಿಕೆಯನ್ನು ಊರಿನ ನಳದ ಕೆಲಸದವರೇ ಮಾಡಿಕೊಡಬಲ್ಲರು. ಮುಷ್ಟಿ ಬಿಗಿಯಾಗಿ ಕೂಡಲು ಪೈಪಿನ ಹೊರಗಾತ್ರ 32ರಿಂದ 40 ಮಿಲಿಮೀಟರು ಇರಬೇಕು. ಒಂದು ಇಂಚಿನ ಜಿ.ಐ. ಪೈಪಿನ ಹೊರಗಾತ್ರ ಸುಮಾರು 34 ಮಿಲಿಮೀಟರು, ಏಕೆಂದರೆ ಅಂಗಡಿಯ ಇಂಚು ಒಳಗಿನ ಕೊಳವೆಯದು. ಗೋಡೆಗೂ ಪೈಪಿಗೂ ನಡುವೆ 4 ಸೆಂಟಿಮೀಟರು ತೆರವಿರಲಿ; ತೀರ ಹೆಚ್ಚು ಬಿಟ್ಟರೆ ಜಾರಿದವರ ಮೊಣಕೈ ಸಿಕ್ಕಿ ಮುರಿಯಬಹುದು. ಬಾಗಿಲಲ್ಲಿ ಒಂದು ನೆಟ್ಟಗಿನ ಹಿಡಿಕೆ, ಕೂಡುವ ಜಾಗದ ಪಕ್ಕದಲ್ಲಿ ಆಸನಕ್ಕಿಂತ ಒಂದು ಗೇಣು ಎತ್ತರದಲ್ಲಿ ಅಡ್ಡ ಹಿಡಿಕೆ, ಇವೆರಡಿದ್ದರೆ ಬಹುಪಾಲು ಮನೆಗಳಿಗೆ ಸಾಕು. ಲಕ್ವದವರಿಗೆ ಅಡ್ಡ ಹಿಡಿಕೆ ಗಟ್ಟಿ ಕೈಯ ಬದಿಗಿರಬೇಕು. ಇಟ್ಟಿಗೆ, ಗಟ್ಟಿ ಬ್ಲಾಕಿನ ಗೋಡೆಯಲ್ಲಿ ಬೋಲ್ಟು ಗಿಲಾವು ದಾಟಿ ಒಳಗೆ ಕಚ್ಚಬೇಕು. ಟೊಳ್ಳು ಬ್ಲಾಕಾದರೆ ಬೋಲ್ಟನ್ನು ಆರಪಾರ ತೂರಿಸಿ ಆಚೆ ಬದಿ ಕಬ್ಬಿಣದ ಪಟ್ಟಿ ಕೊಟ್ಟು ಬಿಗಿಯಬೇಕು. ಮಣ್ಣಿನ ಗೋಡೆಯನ್ನೂ ತಗಡಿನ ಮರೆಯನ್ನೂ ನಂಬಬಾರದು. ಅಲ್ಲಿ ಪೈಪನ್ನು ಕಮಾನಿನಂತೆ ಬಾಗಿಸಿ, ಎರಡೂ ತುದಿಯನ್ನು ಒಂದೂವರೆ ಅಡಿ ಆಳ ನೆಲದಲ್ಲಿ ಹೂಳಿ ಕಾಂಕ್ರೀಟ್ ತುಂಬಿಸಿದರೆ ಗೋಡೆಯ ಹಂಗೇ ಇಲ್ಲ. ಹೊಸ ಹಿಡಿಕೆಗೆ ಮೊದಲು ಮನೆಯ ಗಟ್ಟಿಮುಟ್ಟಾದವರೊಬ್ಬರು ಜೋತುಬಿದ್ದು ನೋಡಬೇಕು.

ತೊಲೆಗೆ ಹಗ್ಗ ಕಟ್ಟಿ ಹಿಡಿದು ಏಳುವುದು ಹಳ್ಳಿಮನೆಗಳ ಹಳೆಯ ಉಪಾಯ. ಹಾಸಿಗೆಯಲ್ಲಿ ಎದ್ದು ಕೂಡಲು ಅದು ಒಳ್ಳೆಯದೇ. ಬಚ್ಚಲಲ್ಲಿ ಮಾತ್ರ ಹಗ್ಗ ತೂಗಾಡುತ್ತದೆ, ಹಿಡಿದವರೂ ಅದರ ಜೊತೆ ತೂಗಾಡುತ್ತಾರೆ.

ನೀರು ಮೊಗೆಯುವುದರ ಕಡೆ ಯಾರ ಲಕ್ಷ್ಯವೂ ಹೋಗುವುದಿಲ್ಲ. ತುಂಬಿದ 20 ಲೀಟರಿನ ಬಕೆಟ್ಟು 20 ಕೆ.ಜಿ. ತೂಗುತ್ತದೆ, ಅದನ್ನು ಎಳೆದಾಡುವ ಸಂದರ್ಭವೇ ಬರಬಾರದು. ಕೂಡುವ ಆಸನ ಎತ್ತರವಾದಾಗ ನೆಲದ ಮೇಲಿನ ಬಕೆಟ್ಟು ಕೆಳಗಾಗುತ್ತದೆ, ಕೂತವರು ಪ್ರತಿ ತಂಬಿಗೆಗೂ ಬಗ್ಗಬೇಕಾಗುತ್ತದೆ. ಒಂದು ಗೇಣು ಎತ್ತರದ ಗಟ್ಟಿ ಕಲ್ಲಿನ ಮೇಲೆ ಬಕೆಟ್ಟನ್ನಿಟ್ಟರೆ ಅದರ ಬಾಯಿ ತೊಡೆಯ ಮಟ್ಟಕ್ಕೆ ಬರುತ್ತದೆ. ಹಿತ್ತಾಳೆ ತಂಬಿಗೆಗಿಂತ ಹಗುರವಾದ, ಅರ್ಧ ಲೀಟರಿನ, ಹಿಡಿಯಿರುವ ಪ್ಲಾಸ್ಟಿಕ್ ಮಗ್ಗು ಸೋತ ಭುಜಕ್ಕೆ ಹಿತ. ನಳದ ನೀರಿರುವ ಮನೆಯಲ್ಲಿ ಒಂದೂವರೆ ಮೀಟರಿನ ಕೊಳವೆಯ ಕೈ ಶವರ್ ಹಾಕಿಸಿದರೆ ಬೆನ್ನು ಸೆಟೆದವರಿಗೂ ನೀರು ಹಾಕುವವರಿಗೂ ಅರ್ಧ ಕೆಲಸ ಕಡಿಮೆ.

ಹಂಡೆಯ ನೀರಿನದು ಬೇರೆ ಅಪಾಯ. 60 ಡಿಗ್ರಿ ಸೆಲ್ಸಿಯಸ್ ನೀರು ಐದಾರು ಸೆಕೆಂಡಿನಲ್ಲಿ ಆಳವಾಗಿ ಸುಡುತ್ತದೆ. 49 ಡಿಗ್ರಿಯಲ್ಲಿ ಅದಕ್ಕೆ ಹತ್ತು ನಿಮಿಷ ಬೇಕು. ಎದ್ದು ಓಡಲಾಗದವರಿಗೆ ಈ ಅಂತರವೇ ಜೀವ. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಹಾಕಬೇಕು. ಬೆರೆಸಿದ ನೀರು 40 ಡಿಗ್ರಿ ಮೀರಬಾರದು. ಬೆನ್ನುಹುರಿಗೆ ಪೆಟ್ಟಾದವರಿಗೆ, ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಬಿಸಿ ಗೊತ್ತಾಗದು. ನೀರನ್ನು ಇನ್ನೊಬ್ಬರು ಮೊಣಕೈಯಿಂದ ಮುಟ್ಟಿ ನೋಡಬೇಕು. ಆಸನದ ಪಕ್ಕದಲ್ಲೇ ಉರಿಯುವ ನೀರೊಲೆ ಇದ್ದರೆ ಆಸನವನ್ನು ದೂರ ಸರಿಸಬೇಕು. ಕರೆಂಟಿನ ಕಾಯಿಲ್ ಹೀಟರನ್ನು ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಹೊರಗಿಟ್ಟ ಮೇಲಷ್ಟೇ ವ್ಯಕ್ತಿ ಒಳಗೆ ಬರಬೇಕು. ಲೋಹದ ಕುರ್ಚಿ, ಒದ್ದೆ ನೆಲ, ಕರೆಂಟು ಮೂರೂ ಒಂದೆಡೆ ಕೂಡಲೇಬಾರದು.

ನಡೆಯಲೇ ಆಗದವರನ್ನು ಎತ್ತಿಕೊಂಡು ಹೋಗುವ ಮನೆಗಳಲ್ಲಿ ಗಾಲಿಯ ಕಮೋಡ್ ಕುರ್ಚಿ ದೊಡ್ಡ ಉಪಕಾರಿ. ಮಂಚದಿಂದ ಒಮ್ಮೆ ಅದಕ್ಕೆ ಸರಿಸಿದರೆ ಶೌಚ, ಜಳಕ ಎರಡೂ ಅದರ ಮೇಲೇ ಮುಗಿಯುತ್ತವೆ. ನೀರು ಹಾಕುವವರ ಸೊಂಟವೂ ಉಳಿಯುತ್ತದೆ. ಆದರೆ ನಾಲ್ಕಡಿ ಕೋಣೆಯಲ್ಲಿ ಗಾಲಿಕುರ್ಚಿ ತಿರುಗದು. ತಿರುಗಲು ಐದಡಿ ಬೇಕು. ಹಿಮ್ಮುಖವಾಗಿ ನೇರ ಎಳೆದುಕೊಂಡು ಹೋಗುವಂತೆ ಬಾಗಿಲು, ಆಸನದ ಜಾಗ ಒಂದೇ ಸಾಲಿನಲ್ಲಿದ್ದರೆ ಸರಿಹೋಗುತ್ತದೆ. ಕುರ್ಚಿಯ ಹೊರ ಅಗಲವನ್ನು ಬಾಗಿಲ ಒಳ ಅಗಲದೊಡನೆ ತಾಳೆ ನೋಡದೆ ಕೊಂಡವರ ಮನೆಯಲ್ಲಿ ಅದು ಬಟ್ಟೆ ಒಣಹಾಕುವ ಸಾಮಾನಾಗಿದೆ. ಕಟ್ಟೆ ದಾಟಿಸಲು ಇಳಿಜಾರು ಬೇಕು: ಒಂದಕ್ಕೆ ಹನ್ನೆರಡರ ಲೆಕ್ಕದಲ್ಲಿ 10 ಸೆಂಟಿಮೀಟರಿನ ಕಟ್ಟೆಗೆ 1.2 ಮೀಟರು. ಬಾಗಿಲು ಹೊರಗೆ ತೆರೆಯುವಂತಿರಲಿ. ಒಳಗೆ ಬಿದ್ದವರು ಅಡ್ಡಲಾದರೆ ಒಳಗೆ ತೆರೆಯುವ ಬಾಗಿಲನ್ನು ದೂಡಲಾಗದು. ಸ್ಪರ್ಶಜ್ಞಾನ ಇಲ್ಲದವರಿಗೆ ಗಟ್ಟಿ ಪ್ಲಾಸ್ಟಿಕ್ ಆಸನ ಕೆಲವೇ ನಿಮಿಷದಲ್ಲಿ ಚರ್ಮ ಕೆಂಪಗಾಗಿಸುತ್ತದೆ, ಹುಣ್ಣಿಗೆ ಅದೇ ಮೊದಲು. ನೀರು ಹೀರದ ಮೆತ್ತೆಯ ಆಸನವನ್ನೇ ಕೇಳಿ ತರಬೇಕು. ಹಿತ್ತಲಲ್ಲಿಟ್ಟ ಸ್ಟೀಲ್ ಕುರ್ಚಿ ಇಲ್ಲಿನ ಏಪ್ರಿಲ್ ಬಿಸಿಲಿಗೆ ಕಾದ ಹಂಚಿನಂತಾಗುತ್ತದೆ. ಕೂರಿಸುವ ಮುನ್ನ ತಣ್ಣೀರು ಸುರಿಯಬೇಕು.

ಯಂತ್ರ, ಪೈಪುಗಳಷ್ಟೇ ತೂಕದ ಇನ್ನೊಂದು ವಿಷಯ ಮರ್ಯಾದೆ. ಮಾವನಿಗೆ ಸೊಸೆ, ತಾಯಿಗೆ ಮಗ ನೀರು ಹಾಕಬೇಕಾಗಿ ಬಂದಾಗ ಇಬ್ಬರಿಗೂ ಮುಜುಗರ. ಎಷ್ಟೋ ಹಿರಿಯರು ಅದಕ್ಕೇ ಜಳಕದ ದಿನಗಳನ್ನು ಮುಂದೆ ಹಾಕುತ್ತಾರೆ. ಬೆನ್ನು, ಕಾಲಿಗೆ ಬೇರೆಯವರು ನೀರು ಹಾಕಿ, ಉಳಿದದ್ದನ್ನು ವ್ಯಕ್ತಿ ತಾನೇ ತೊಳೆದುಕೊಳ್ಳುವಂತೆ ಮಾಡುವ ಸಾಧನವೇ ಒಳ್ಳೆಯ ಸಾಧನ. ಆಯ್ಕೆಯ ಹೊತ್ತಿನಲ್ಲಿ ಅವರನ್ನೇ ಕೇಳದೆ ಮಕ್ಕಳು ತಂದಿಟ್ಟ ಕುರ್ಚಿ ಬಹಳ ಸಲ ಮೂಲೆ ಸೇರುವುದು ಈ ಕಾರಣಕ್ಕೆ. ಹುಲಿಗೆಮ್ಮನ ದರ್ಶನಕ್ಕೆಂದು ಹುಲಿಗಿಗೆ ಹೋದಾಗ ನದಿಯ ಮೆಟ್ಟಿಲು ಇಳಿಯಬೇಕೆಂಬ ಹಟವೂ ಹಿರಿಯರಲ್ಲಿ ಇರುತ್ತದೆ. ಪಾಚಿಗಟ್ಟಿದ ಮೆಟ್ಟಿಲಿಗಿಂತ, ದಂಡೆಯ ಮೇಲೆ ಮಡಚುವ ಸ್ಟೂಲಿನಲ್ಲಿ ಕೂರಿಸಿ ಹೊಳೆಯ ನೀರನ್ನೇ ತಂದು ಹಾಕಿದರೆ ಹರಕೆಗೂ ಚ್ಯುತಿಯಿಲ್ಲ.

ಕೊಳ್ಳುವ ಮುನ್ನ ಸರ್ಕಾರದ ದಾರಿಗಳನ್ನು ನೋಡಬೇಕು. 2017ರಲ್ಲಿ ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ 60 ದಾಟಿದ, ಬಿ.ಪಿ.ಎಲ್. ಕಾರ್ಡಿನ ಅಥವಾ ತಿಂಗಳಿಗೆ 15,000 ರೂಪಾಯಿ ಮೀರದ ಆದಾಯದ ಹಿರಿಯರಿಗೆ ಸಾಧನಗಳು ಉಚಿತ. ಊರುಗೋಲು, ವಾಕರುಗಳ ಜೊತೆಗೆ ಕಮೋಡ್ ಇರುವ ಕುರ್ಚಿ, ಸ್ಟೂಲು, ಗಾಲಿಕುರ್ಚಿಗಳೂ ಆ ಪಟ್ಟಿಗೆ ಸೇರಿವೆ. ಶೇ 40 ಅಥವಾ ಹೆಚ್ಚಿನ ಅಂಗವೈಕಲ್ಯದ ಪ್ರಮಾಣಪತ್ರ ಉಳ್ಳವರಿಗೆ ಕೇಂದ್ರದ ಅಡಿಪ್ ಯೋಜನೆ ಇದೆ. ಎರಡಕ್ಕೂ ಸಾಧನ ಒದಗಿಸುವುದು ಮುಖ್ಯವಾಗಿ ಕಾನ್ಪುರದ ಅಲಿಮ್ಕೊ ಸಂಸ್ಥೆ. ಶಿಬಿರಗಳಲ್ಲಿ ಸಿಕ್ಕಿದ್ದನ್ನು ಪಡೆದು ಬರುವ ಬದಲು, ಅಳತೆ ಬರೆದ ಚೀಟಿ ಮುಂದಿಟ್ಟು ಬೇಕಾದದ್ದನ್ನೇ ಕೇಳಬೇಕು. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಅರ್ಜಿಗೆ ನೆರವಾಗುತ್ತಾರೆ. ಕೊಪ್ಪಳ, ರಾಯಚೂರು ಭಾಗದಲ್ಲಿ ಸಮೂಹ ಸಂಸ್ಥೆಯ ಸಾಮರ್ಥ್ಯ ಕಾರ್ಯಕ್ರಮ ಅಂಗವಿಕಲರ ನಡುವೆ ಕೆಲಸ ಮಾಡುತ್ತ ಬಂದಿದೆ. ಹಿರಿಯರ ಉಚಿತ ಸಹಾಯವಾಣಿ 14567. ಗೋಡೆಯ ಹಿಡಿಕೆ, ನೆಲ, ಇಳಿಜಾರುಗಳು ಮಾತ್ರ ಯಾವ ಶಿಬಿರದಲ್ಲೂ ಸಿಗುವುದಿಲ್ಲ; ಅವನ್ನು ಮನೆಯವರೇ ಮಾಡಿಸಬೇಕು.

ತಂದ ಮೇಲೂ ಕೆಲಸವಿದೆ. ಇಲ್ಲಿನ ಕೊಳವೆಬಾವಿಯ ಗಡುಸು ನೀರು ಕಾಲಿನ ತೂತು, ಗುಂಡಿಗಳಲ್ಲಿ ಬಿಳಿ ಉಪ್ಪು ಕಟ್ಟಿಸುತ್ತದೆ. ಹದಿನೈದು ದಿನಕ್ಕೊಮ್ಮೆ ಹುಣಸೆಹಣ್ಣು ಅಥವಾ ಲಿಂಬೆರಸದಿಂದ ತಿಕ್ಕಿ ತೊಳೆಯಬೇಕು. ಹೊಳಪು ಲೇಪದ ಕಬ್ಬಿಣ ಬೆಸುಗೆಯ ಜಾಗದಲ್ಲಿ ಮೊದಲು ತುಕ್ಕು ಹಿಡಿಯುತ್ತದೆ, ಅದು ಕಂಡ ಕುರ್ಚಿಯನ್ನು ಬಳಸಬಾರದು. ಹಿಡಿಕೆಯ ಬೋಲ್ಟನ್ನು ತಿಂಗಳಿಗೊಮ್ಮೆ ಅಲ್ಲಾಡಿಸಿ ನೋಡಬೇಕು. ಎಲ್ಲಕ್ಕಿಂತ ಬೇಗ ಸವೆಯುವುದು ಕಾಲಿನ ರಬ್ಬರ್ ಬೂಟು. ತಳದ ಗೆರೆಗಳು ಅಳಿಸಿದ ದಿನವೇ ನಾಲ್ಕನ್ನೂ ಒಟ್ಟಿಗೆ ಬದಲಿಸಬೇಕು. ಒಂದನ್ನೇ ಬದಲಿಸಿದರೆ ಆ ಕಾಲು ಉದ್ದವಾಗಿ ಕುರ್ಚಿ ಅಲ್ಲಾಡುತ್ತದೆ.